ಸೂರು ಇಳಿಸುವ ಖರ್ಚು

2025ರಲ್ಲಿ ಉಂಡೆ ಕೊಬ್ಬರಿ ಧಾರಣೆ ಕ್ವಿಂಟಾಲಿಗೆ 20,000 ರೂಪಾಯಿ ದಾಟಿ ಮೇಲೇರಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಷ್ಟೋ ಜನ ತಮ್ಮ ಮನೆಯ ಸೂರಿನ ಕಡೆ ತಲೆಯೆತ್ತಿ ನೋಡಿದರು. ಆ ವರ್ಷ ಕೇಂದ್ರದ ಬೆಂಬಲ ಬೆಲೆ 12,100 ಇತ್ತು. ಅದಕ್ಕೆ ಎರಡು ವರ್ಷ ಹಿಂದೆ ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಯಷ್ಟೂ ಹುಟ್ಟದೆ ನಾಫೆಡ್ ಖರೀದಿಗಾಗಿ ಕಾದವರು ನಾವು. ಮುಂದೂಡಿದ್ದ ಕೆಲಸಗಳೆಲ್ಲ ಒಟ್ಟಿಗೆ ನೆನಪಾದವು. ತುರುವೇಕೆರೆ ತಾಲ್ಲೂಕಿನ ನಮ್ಮ ಹಳೇ ಮನೆಗೆ ಮುಂದೆ ಮಂಗಳೂರು ಹೆಂಚು, ಹಿಂದೆ ಮಣ್ಣಿನ ಮಾಳಿಗೆ. ಎರಡನ್ನೂ ಇಳಿಸಿ ಹೊಸ ಸೂರು ಹಾಕಿಸಿದೆವು.

ಸಿಮೆಂಟಿಗೆಷ್ಟು, ಕಬ್ಬಿಣಕ್ಕೆಷ್ಟು, ಕೂಲಿಗೆಷ್ಟು ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಇಳಿದದ್ದು ಎಲ್ಲಿಗೆ ಹೋಗಬೇಕು, ಯಾರು ಸಾಗಿಸಬೇಕು, ಅದಕ್ಕೆಷ್ಟು ಎಂಬ ಸಾಲು ಮಾತ್ರ ಮೇಸ್ತ್ರಿಯ ಅಂದಾಜುಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಸಾಲು ಇರಲೇಬೇಕು, ಅದೂ ಮೊದಲ ಹೆಂಚು ಕೆಳಗಿಳಿಯುವ ಮುಂಚೆ.

ಲೆಕ್ಕ ಕಷ್ಟವೇನಲ್ಲ. ಒಂದು ಚದರ ಸೂರಿಗೆ, ಅಂದರೆ ನೂರು ಚದರ ಅಡಿಗೆ, ಸುಮಾರು 140 ಮಂಗಳೂರು ಹೆಂಚು ಕೂರುತ್ತವೆ. ಒಂದೊಂದೂ ಎರಡು ಕೆಜಿಗಿಂತ ತುಸು ಹೆಚ್ಚು ತೂಗುತ್ತದೆ. ಐದು ಚದರ ಇಳಿಸಿದರೆ ಒಂದೂವರೆ ಟನ್. ಎಲ್ಲವನ್ನೂ ಹೊರಗೆ ಸಾಗಿಸಿದರೂ ಟ್ರಾಕ್ಟರಿನ ಒಂದು ಲೋಡಿನ ಮಾತು. ಅದೇ ಐದು ಚದರದ ಮಾಳಿಗೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ 250 ಘನ ಅಡಿ. ಹಾರೆ ಬಿದ್ದ ಮೇಲೆ ಮಣ್ಣು ಸಡಿಲಾಗಿ ಕಾಲು ಭಾಗವಾದರೂ ಉಬ್ಬುತ್ತದೆ, 300 ಘನ ಅಡಿ ಮೀರುತ್ತದೆ. ಟ್ರೈಲರಿಗೆ ನೂರು ಘನ ಅಡಿ ಎಂದರೂ ಮೂರು ಲೋಡು ದಾಟಿತು. ತೂಕ ಹತ್ತು ಟನ್ನಿಗೂ ಮೇಲೆ. ಹೆಂಚಿನ ಮನೆಯವರ ಖರ್ಚು ಕೇಳಿಕೊಂಡು ಮಾಳಿಗೆ ಮನೆಗೆ ಹಣ ತೆಗೆದಿಟ್ಟರೆ ಸಾಲುವುದಿಲ್ಲ ಎನ್ನುವುದು ಇದಕ್ಕೇ.

ಅಮೆರಿಕದಲ್ಲಿ ಸೂರು ಬದಲಿಸುವ ಮನೆಯವರು ದೊಡ್ಡ ಕಬ್ಬಿಣದ ತೊಟ್ಟಿಯೊಂದನ್ನು ಬಾಡಿಗೆಗೆ ತಂದು ಅಂಗಳದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಡಂಪ್‌ಸ್ಟರ್ ಎನ್ನುತ್ತಾರೆ. 20 ಘನ ಗಜದ ತೊಟ್ಟಿ ಎಂದರೆ 540 ಘನ ಅಡಿ, ನಮ್ಮ ಐದಾರು ಟ್ರಾಕ್ಟರ್ ಲೋಡು. ಅಲ್ಲಿನ ಬಾಡಿಗೆ ಕರಾರಿನಲ್ಲಿ ನನಗೆ ಹಿಡಿಸಿದ್ದು, ತೊಟ್ಟಿಯ ಅಳತೆ, ಎಷ್ಟು ದಿನ ಇಟ್ಟುಕೊಳ್ಳಬಹುದು, ಎಷ್ಟು ಟನ್‌ವರೆಗೆ ತುಂಬಬಹುದು, ಮೀರಿದರೆ ಟನ್ನಿಗೆ ಎಷ್ಟು ಎಂಬುದೆಲ್ಲ ಮೊದಲೇ ಕಾಗದದ ಮೇಲೆ ಇರುವುದು. ನಮ್ಮಲ್ಲಿ ತೊಟ್ಟಿ ಸಿಗದಿದ್ದರೂ ಆ ಪ್ರಶ್ನೆಗಳನ್ನು ಟ್ರಾಕ್ಟರಿನವರಿಗೆ ಕೇಳಲು ಅಡ್ಡಿಯಿಲ್ಲ. ದಿನದ ಬಾಡಿಗೆಯೋ ಲೋಡಿನ ಲೆಕ್ಕವೋ? ತುಂಬುವ ಆಳು ಯಾರ ಕಡೆಯವರು? ಡೀಸೆಲ್ ಸೇರಿತೇ? ನನ್ನ ಅಭಿಪ್ರಾಯದಲ್ಲಿ ಲೋಡಿನ ಲೆಕ್ಕವೇ ಮೇಲು. ದಿನದ ಬಾಡಿಗೆಯಲ್ಲಿ ಮೇಲಿನ ಕೆಲಸ ನಿಧಾನವಾದರೆ ಟ್ರಾಕ್ಟರ್ ಸುಮ್ಮನೆ ನಿಂತಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ.

ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಮಾತಾಡಲು ಬಂದ ಹುಡುಗನನ್ನು "ಎಲ್ಲಿಗೆ ಹಾಕ್ತೀಯಪ್ಪ?" ಎಂದು ಕೇಳಿದೆ. "ಕೆರೆ ಅಂಗಳಕ್ಕೆ ಅಣ್ಣ, ಎಲ್ಲಾರೂ ಅಲ್ಲೇ ಹಾಕೋದು. ಹತ್ತಿರ ಆಗುತ್ತೆ, ನಿಮಗೂ ಕಮ್ಮಿ ಬೀಳುತ್ತೆ" ಎಂದ. ಕಮ್ಮಿ ಬೀಳುವುದು ನಿಜ. ಆದರೆ ಆ ಕೆರೆಯಲ್ಲಿ ನೀರು ನಿಂತರೆ ತಾನೇ ಸುತ್ತಲಿನ ಕೊಳವೆಬಾವಿಗಳಿಗೆ ಜೀವ, ತೋಟಕ್ಕೆ ಫಸಲು? ಕಟ್ಟಡ ತ್ಯಾಜ್ಯದ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ತಂದು, ಕೆಡವಿದವರೇ ಅದನ್ನು ಬೇರ್ಪಡಿಸಿ ಇಡಬೇಕು, ರಸ್ತೆಗೂ ಚರಂಡಿಗೂ ಸುರಿಯಕೂಡದು ಎಂದು ಹೇಳಿತು. ನಾನು ಆ ಹುಡುಗನಿಗೆ ಲೋಡಿನ ಮೇಲೆ ಸ್ವಲ್ಪ ಹೆಚ್ಚಿಗೆ ಒಪ್ಪಿ, ನಮ್ಮದೇ ಜಾಗದ ತಗ್ಗಿಗೆ ಹಾಕಿಸಿದೆ.

ತೋಟಕ್ಕೆ ಹಾಕಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಮಾಳಿಗೆ ಸೋರದಿರಲೆಂದು ಹಿರಿಯರು ಮೇಲುಪದರಕ್ಕೆ ಹುಡುಕಿ ತರುತ್ತಿದ್ದುದು ಕರಲು ಮಣ್ಣನ್ನು. ನೀರು ಬಿದ್ದ ಕೂಡಲೇ ಅದು ಕಲಸಿಕೊಂಡು ಸಂದು ಮುಚ್ಚುತ್ತದೆ, ನೀರು ಇಳಿಯಗೊಡುವುದಿಲ್ಲ. ಸೂರಿಗೆ ವರವಾದ ಆ ಗುಣ ತೆಂಗಿನ ಬುಡಕ್ಕೆ ಶಾಪ. ಹಾಕಲೇಬೇಕೆಂದಿದ್ದರೆ ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ಹಾಕಿ.

ಇಳಿದದ್ದೆಲ್ಲ ಕಸವೂ ಅಲ್ಲ. ಗಟ್ಟಿ ಹೆಂಚಿಗೆ ಕೊಟ್ಟಿಗೆ, ಪಂಪ್‌ಸೆಟ್ ಮನೆ ಕಟ್ಟುವವರು ಗಿರಾಕಿಗಳು. ಒಡೆದ ಹೆಂಚು ಹೊಸ ನೆಲದ ಕೆಳಗೆ ತುಂಬಲು, ತೋಟದ ದಾರಿಯ ಗುಂಡಿ ಮುಚ್ಚಲು ಆಗುತ್ತದೆ. ಮರದ ವಿಷಯದಲ್ಲಿ ಎಚ್ಚರ. "ಮರಮುಟ್ಟು ನಮಗೆ ಬಿಟ್ಟರೆ ಇಳಿಸುವ ಕೂಲಿ ಬೇಡ" ಎನ್ನುವ ಮಾತು ಕೇಳಲು ಹಿತ. ತೊಲೆ, ಜಂತೆ, ಕಂಬಗಳನ್ನು ಅಳೆದು, ಯಾವ ಮರ ಎಂದು ತಿಳಿದು, ಹಳೇ ಮರ ಕೊಳ್ಳುವ ಇಬ್ಬರಿಂದಾದರೂ ಬೆಲೆ ಕೇಳುವ ತನಕ ಅದಕ್ಕೆ ಒಪ್ಪಬಾರದು. ನಾವು ಕೂಲಿಯನ್ನು ಕೂಲಿಯಾಗಿ ಕೊಟ್ಟು ಮರವನ್ನು ಬೇರೆಯಾಗಿ ಮಾರಿದೆವು. ಸಾಗಣೆಯ ಖರ್ಚು ಅದರಲ್ಲೇ ಹುಟ್ಟಿತು.

ಹಳೇ ಸಿಮೆಂಟ್ ಶೀಟಿನ ಸೂರಾದರೆ ದಾರಿ ಬೇರೆ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಸುತ್ತಿಗೆಯಲ್ಲಿ ಒಡೆಯಬಾರದು, ಜೆಸಿಬಿ ಹತ್ತಿಸಬಾರದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮಿಕ್ಕ ಮಣ್ಣುಕಲ್ಲಿನ ಜೊತೆ ಬೆರೆಸದೆ ಬೇರೆ ಇಡಬೇಕು. ಕೆಲಸದವರ ಮಾಸ್ಕಿನ ದುಡ್ಡು ಮನೆಯವರದೇ.

ಅಟ್ಟದ ಮೇಲೆ ಕಾಯಿ ಇದ್ದಾಗ ಸೂರು ಬಿಚ್ಚಬೇಡಿ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ನಡುವೆ ಒಂದು ಮಳೆ ಬಿದ್ದರೆ ಆಗುವ ನಷ್ಟದ ಮುಂದೆ ಟ್ರಾಕ್ಟರ್ ಬಾಡಿಗೆ ಏನೂ ಅಲ್ಲ. ಕೊಬ್ಬರಿ ಸುಲಿಸಿ ಮಾರಿ, ಅಟ್ಟ ಖಾಲಿಯಾದ ಮೇಲೆ, ಮುಂಗಾರಿಗೆ ಮುಂಚೆ ಕೆಲಸ ಹಿಡಿಯಿರಿ. ಮೇಸ್ತ್ರಿಗೆ ಮುಂಗಡ ಕೊಡುವ ದಿನವೇ ಟ್ರಾಕ್ಟರಿನವರನ್ನೂ ಕೂರಿಸಿಕೊಂಡು ಎಷ್ಟು ಲೋಡು, ಲೋಡಿಗೆಷ್ಟು, ಎಲ್ಲಿಗೆ ಎಂದು ಬರೆಸಿಕೊಳ್ಳಿ. ಕೆರೆಗೆ ಎಂದರೆ, ಎಷ್ಟೇ ಕಡಿಮೆಗೆ ಬರುತ್ತೇನೆಂದರೂ ಆ ಲೋಡು ಬೇಡವೆನ್ನಿ.