ಮನೆಯಲ್ಲೇ ಆರ್‌ಸಿ ಆಫ್‌ರೋಡ್ ಟ್ರಕ್: ಬಂಡೆ ಹತ್ತೋಕೆ ಬೇಕಾದ ಮೂರು ಲೆಕ್ಕ



ರಿಮೋಟ್ ಕಾರು ಅಂದ್ರೆ ಮೊದಲು ನೆನಪಾಗೋದು ವೇಗ. ಆದರೆ ಆಫ್‌ರೋಡ್ ಟ್ರಕ್‌ಗಳಲ್ಲಿ ‘ಕ್ರಾಲರ್’ ಅನ್ನೋ ಒಂದು ಜಾತಿ ಇದೆ. ಅದು ಓಡೋದಕ್ಕಿಂತ ಹತ್ತೋದಕ್ಕೇ ಹುಟ್ಟಿದ್ದು. ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಬಂದವರಿಗೆ ಇದು ಬೇಗ ಅರ್ಥ ಆಗುತ್ತೆ. ಆ ಕಲ್ಲು, ಕೊರಕಲಿನ ದಾರೀಲಿ ಡ್ರೈವರ್ ಜೋರಾಗಿ ನುಗ್ಗಿಸೋದಿಲ್ಲ. ಕೆಳಗಿನ ಗೇರ್‌ಗೆ ಹಾಕಿ, ಒಂದೊಂದೇ ಚಕ್ರವನ್ನು ಕಲ್ಲಿನ ಮೇಲೆ ಇಟ್ಟು ಇಟ್ಟು ಹತ್ತಿಸ್ತಾರೆ. ಅದೇ ಕೆಲಸವನ್ನು 1:10 ಅಳತೆಯಲ್ಲಿ ಮಾಡುವ ಗಾಡಿ ನಮ್ಮ ಇವತ್ತಿನ ಪಾಠ.

ಇದನ್ನು ಕಟ್ಟೋಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳೋದು, “ಯಾವ ಮೋಟಾರ್ ಹಾಕ್ಲಿ?” ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮೂರಿವೆ. ಇಳಿಜಾರಿನಲ್ಲಿ ಚಕ್ರ ತಿರುಗೋಕೆ ಟಾರ್ಕ್ ಸಾಕಾ? ಟೈರ್ ಜಾರುತ್ತಾ? ಗಾಡಿ ಹಿಂದಕ್ಕೆ ಮಗುಚುತ್ತಾ? ದೊಡ್ಡ ಮೋಟಾರ್ ಸಹಾಯ ಮಾಡೋದು ಮೊದಲನೇ ಪ್ರಶ್ನೆಗೆ ಮಾತ್ರ. ಉಳಿದ ಎರಡಕ್ಕೆ ಉತ್ತರ ನಾವು ಜೋಡಿಸುವ ರೀತಿಯಲ್ಲಿದೆ.

ಏನು ಕೊಳ್ಳಬೇಕು, ಏನು ಕಟ್ಟಬೇಕು?

ಆಕ್ಸಲ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಮೋಟಾರ್, ಇಎಸ್‌ಸಿ, ಸರ್ವೋ, 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್: ಇವನ್ನು ಕೊಳ್ಳೋದೇ ಲೇಸು. ಹಲ್ಲು ಕೊರೆದು ಗೇರ್ ಮಾಡೋದು ಮನೆಯ ಕೆಲಸ ಅಲ್ಲ. ಚಾಸಿ, ಲಿಂಕ್‌ಗಳು, ಬ್ಯಾಟರಿ ಟ್ರೇ, ಬಂಪರ್, ಬಾಡಿ ಇವೆಲ್ಲ ನಾವೇ ಮಾಡಬಹುದು. ಕಿಟಕಿ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಕೇಳಿ. ಎರಡು ಉದ್ದದ ಪಟ್ಟಿ, ನಡುವೆ ನಾಲ್ಕು ಅಡ್ಡ ಪಟ್ಟಿ ಹಾಕಿದರೆ ಏಣಿಯಂಥ ಚಾಸಿ ರೆಡಿ. ಬೆಂಗಳೂರಿನವರಿಗೆ ವೈರ್, ಕನೆಕ್ಟರ್, ಸ್ವಿಚ್‌ಗೆಲ್ಲ ಎಸ್.ಪಿ. ರೋಡ್ ಇದ್ದೇ ಇದೆ.

3ಡಿ ಪ್ರಿಂಟ್ ಮಾಡುವವರು ಒಂದು ವಿಷಯ ಗಮನಿಸಿ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತೆ. ಮೋಟಾರ್ ಮೌಂಟ್‌ಗೆ ಅದು ಬೇಡ. ಅಲ್ಲಿ ಅಲ್ಯೂಮಿನಿಯಂ ತುಂಡೇ ಹಾಕಿ, ಶಾಖವನ್ನೂ ಅದು ಹೊರಗೆ ಎಳೆಯುತ್ತೆ.

ಮೊದಲ ಲೆಕ್ಕ: ಗೇರ್

ಉದಾಹರಣೆಗೆ ಪಿನಿಯನ್ 16 ಹಲ್ಲು, ಸ್ಪರ್ ಗೇರ್ 80 ಹಲ್ಲು, ಗೇರ್‌ಬಾಕ್ಸ್ ಅನುಪಾತ 2.5, ಆಕ್ಸಲ್ ಅನುಪಾತ 3 ಅಂತ ಇಟ್ಕೊಳ್ಳೋಣ.

ಒಟ್ಟು ಅನುಪಾತ = (80 ÷ 16) × 2.5 × 3 = 37.5

ಮೋಟಾರ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಚಕ್ರ ಸುಮಾರು 267 ಸುತ್ತು. ಟೈರಿನ ವ್ಯಾಸ 110 ಮಿ.ಮೀ. ಆದರೆ ವೇಗ ಗಂಟೆಗೆ ಸುಮಾರು 5.5 ಕಿ.ಮೀ. ಪಿನಿಯನ್ ಅನ್ನು 12 ಹಲ್ಲಿನದ್ದಕ್ಕೆ ಬದಲಿಸಿ ನೋಡಿ: ಅನುಪಾತ 50, ವೇಗ ಸುಮಾರು 4.1 ಕಿ.ಮೀ. ನಾವು ಆರಾಮಾಗಿ ನಡೆಯೋ ವೇಗ. ಆದರೆ ಚಕ್ರಕ್ಕೆ ಸಿಗೋ ಟಾರ್ಕ್ ಮೂರನೇ ಒಂದು ಭಾಗ ಜಾಸ್ತಿ ಆಯ್ತು. ಒಂದು ಸಣ್ಣ ಪಿನಿಯನ್ ಬದಲಿಸಿದ್ದಕ್ಕೆ ಇಷ್ಟು!

ಇಷ್ಟು ಟಾರ್ಕ್ ಸಾಕಾ? 2.5 ಕೆ.ಜಿ. ಟ್ರಕ್ 45 ಡಿಗ್ರಿ ಇಳಿಜಾರು ಹತ್ತಬೇಕಾದರೆ ಬೇಕಾದ ಬಲ 2.5 × 9.81 × ಸೈನ್ 45 = ಸುಮಾರು 17.3 ನ್ಯೂಟನ್. ಟೈರಿನ ತ್ರಿಜ್ಯ 0.055 ಮೀಟರ್, ಅಂದ್ರೆ ಚಕ್ರಗಳಲ್ಲಿ ಒಟ್ಟು 0.95 ನ್ಯೂಟನ್-ಮೀಟರ್. ಇದನ್ನು 50ರಿಂದ ಭಾಗಿಸಿ, ಗೇರ್‌ಗಳಲ್ಲಿ 40 ಶೇಕಡಾ ನಷ್ಟ ಅಂತ ಹಿಡಿದರೂ ಮೋಟಾರ್ ಕೊಡಬೇಕಾದ್ದು ಬರೀ 0.032 ನ್ಯೂಟನ್-ಮೀಟರ್. 540 ಸೈಜಿನ ಸಾಮಾನ್ಯ ಬ್ರಶ್ಡ್ ಮೋಟಾರ್‌ಗೆ ಇದು ಕಷ್ಟವೇ ಅಲ್ಲ. 35 ಅಥವಾ 55 ಟರ್ನ್‌ನದ್ದು ತಗೊಳ್ಳಿ. ಟರ್ನ್ ಜಾಸ್ತಿ ಆದಷ್ಟೂ ಮೋಟಾರ್ ನಿಧಾನ, ನಮಗೆ ಬೇಕಾದ್ದೂ ಅದೇ.

ಎರಡನೇ ಲೆಕ್ಕ: ಜಾರೋದು

ಇಳಿಜಾರಿನಲ್ಲಿ ಟೈರ್ ಜಾರದೇ ಇರಬೇಕಾದರೆ ಘರ್ಷಣಾ ಗುಣಾಂಕ ಆ ಕೋನದ ಟ್ಯಾನ್‌ಗಿಂತ ಕಡಿಮೆ ಇರಬಾರದು. 45 ಡಿಗ್ರಿಗೆ ಟ್ಯಾನ್ 1. ಅಂದ್ರೆ ಗಟ್ಟಿ ಪ್ಲಾಸ್ಟಿಕ್ಕಿನ ಆಟದ ಟೈರ್ ಇಲ್ಲಿ ನಡೆಯೋಲ್ಲ. ಒಳಗೆ ಫೋಮ್ ಇರೋ ಮೆತ್ತನೆಯ ರಬ್ಬರ್ ಟೈರ್ ಬೇಕು. ದುಡ್ಡು ಕಡಿಮೆ ಇದ್ರೆ ಬಾಡಿಯಲ್ಲಿ ಉಳಿಸಿ, ಟೈರಿನಲ್ಲಿ ಉಳಿಸಬೇಡಿ.

ಇನ್ನೊಂದು ಮುಖ್ಯ ವಿಷಯ ಡಿಫರೆನ್ಷಿಯಲ್. ರಸ್ತೆಯ ಕಾರಿನ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಕೊಡುತ್ತೆ. ಒಂದು ಚಕ್ರ ಗಾಳೀಲಿ ಎದ್ದರೆ ಅದಕ್ಕೆ ಬೇಕಾದ ಟಾರ್ಕ್ ಹೆಚ್ಚು ಕಡಿಮೆ ಸೊನ್ನೆ. ಹಾಗಾಗಿ ನೆಲದ ಮೇಲಿರೋ ಚಕ್ರಕ್ಕೂ ಸೊನ್ನೆ, ಗಾಡಿ ಅಲ್ಲೇ ನಿಂತು ಒಂದು ಚಕ್ರ ಸುಮ್ನೆ ತಿರುಗ್ತಾ ಇರುತ್ತೆ. ಅದಕ್ಕೇ ಕ್ರಾಲರ್‌ಗಳಲ್ಲಿ ಡಿಫರೆನ್ಷಿಯಲ್ ಲಾಕ್ ಮಾಡಿರ್ತಾರೆ. ತಿರುವು ಸ್ವಲ್ಪ ದೊಡ್ಡದಾಗುತ್ತೆ, ಪರವಾಗಿಲ್ಲ.

ಮೂರನೇ ಲೆಕ್ಕ: ಮಗುಚೋದು

ಹೆಚ್ಚಿನ ಗಾಡಿಗಳು ಸೋಲೋದು ಇಲ್ಲಿ. ಗುರುತ್ವ ಕೇಂದ್ರ ಹಿಂದಿನ ಟೈರ್ ನೆಲ ಮುಟ್ಟುವ ಜಾಗವನ್ನು ದಾಟಿ ಹಿಂದಕ್ಕೆ ಹೋದ ಕ್ಷಣ ಟ್ರಕ್ ಮಗುಚುತ್ತೆ. ಸೂತ್ರ ಸರಳ:

ಟ್ಯಾನ್ (ಮಗುಚುವ ಕೋನ) = ಹಿಂದಿನ ಆಕ್ಸಲ್‌ನಿಂದ ಗುರುತ್ವ ಕೇಂದ್ರಕ್ಕೆ ದೂರ ÷ ಗುರುತ್ವ ಕೇಂದ್ರದ ಎತ್ತರ

1:10 ಟ್ರಕ್‌ಗಳಲ್ಲಿ ಬಹಳ ಬಳಕೆಯಲ್ಲಿರುವ 313 ಮಿ.ಮೀ. ವೀಲ್‌ಬೇಸ್ ತಗೊಂಡು ಮೂರು ರೀತಿ ನೋಡೋಣ.

• ತೂಕ ಸಮ ಸಮ, ಬ್ಯಾಟರಿ ಮೇಲೆ, ಎತ್ತರ 130 ಮಿ.ಮೀ.: ಸುಮಾರು 50 ಡಿಗ್ರಿ
• ತೂಕ ಸಮ ಸಮ, ಎತ್ತರ 100 ಮಿ.ಮೀ.: ಸುಮಾರು 57 ಡಿಗ್ರಿ
• ತೂಕದ 60 ಶೇಕಡಾ ಮುಂದೆ, ಎತ್ತರ 80 ಮಿ.ಮೀ.: ಸುಮಾರು 67 ಡಿಗ್ರಿ

ಮೋಟಾರ್ ಅದೇ, ಟೈರ್ ಅದೇ. ಬ್ಯಾಟರಿಯನ್ನು ಕೆಳಗೆ, ಮುಂದಕ್ಕೆ ಸರಿಸಿದ್ದಷ್ಟೇ. 17 ಡಿಗ್ರಿ ಬಿಟ್ಟಿ ಸಿಕ್ತು! ಇದಕ್ಕೇ ಬಾಡಿ ಹಗುರ ಇರಬೇಕು, ಆಕ್ಸಲ್ ಭಾರ ಇರಬೇಕು. ಕಾರಿನ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ಪಟ್ಟಿಗಳನ್ನು ಮುಂದಿನ ರಿಮ್ ಒಳಗೆ ಅಂಟಿಸೋದು ಹಳೇ ಉಪಾಯ.

ನಿಮ್ಮ ಗಾಡಿಯದ್ದನ್ನು ಅಳೆಯೋದು ಹೇಗೆ? ಎರಡು ಅಡುಗೆಮನೆ ತಕ್ಕಡಿ ತಗೊಂಡು ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ಇಡಿ. ಮುಂದೆ 1.5 ಕೆ.ಜಿ., ಹಿಂದೆ 1 ಕೆ.ಜಿ. ಬಂದರೆ ದೂರ 313 × 0.6 = 188 ಮಿ.ಮೀ. ಎತ್ತರಕ್ಕೆ ಗಾಡಿಯನ್ನು ಹಲಗೆ ಮೇಲೆ ಅಡ್ಡಡ್ಡ ನಿಲ್ಲಿಸಿ, ಕೆಳಗಿನ ಟೈರ್ ಜಾರದ ಹಾಗೆ ಒಂದು ಪಟ್ಟಿ ಹೊಡೆದು, ಹಲಗೆಯನ್ನು ನಿಧಾನಕ್ಕೆ ಎತ್ತಿ. ಮಗುಚುವ ಕೋನವನ್ನು ಫೋನಿನಲ್ಲಿ ನೋಡಿ. ಎಡ ಬಲ ಟೈರ್‌ಗಳ ನಡುವಿನ ಅಂತರದ ಅರ್ಧವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ಎತ್ತರ. ಸಸ್ಪೆನ್ಷನ್ ವಾಲುವುದರಿಂದ ಉತ್ತರ ಅಂದಾಜು, ಆದರೆ ನಮ್ಮ ಕೆಲಸಕ್ಕೆ ಸಾಕು.

ಜೋಡಿಸುವ ಕ್ರಮ

1. ಚಾಸಿ ಪಟ್ಟಿ ಎರಡನ್ನೂ ಒಟ್ಟಿಗೆ ಕಟ್ಟಿ ತೂತು ಕೊರೆಯಿರಿ. ಆಗ ಎಡ ಬಲ ಒಂದೇ ಅಳತೆ ಬರುತ್ತೆ.
2. ಪ್ರತಿ ಆಕ್ಸಲ್‌ಗೆ ನಾಲ್ಕು ಲಿಂಕ್. 4 ಮಿ.ಮೀ. ಥ್ರೆಡೆಡ್ ರಾಡ್, ಮೇಲೆ ಅಲ್ಯೂಮಿನಿಯಂ ಪೈಪ್, ತುದಿಗೆ ರಾಡ್ ಎಂಡ್. ಕೆಳಗಿನ ಎರಡು ಉದ್ದಕ್ಕೆ, ಮೇಲಿನ ಎರಡು ‘ವಿ’ ಆಕಾರದಲ್ಲಿ ಇರಲಿ. ಆಗ ಆಕ್ಸಲ್ ಪಕ್ಕಕ್ಕೆ ಸರಿಯೋದಿಲ್ಲ.
3. ಸ್ಟೀರಿಂಗ್ ಸರ್ವೋವನ್ನು ಮುಂದಿನ ಆಕ್ಸಲ್ ಮೇಲೇ ಕೂರಿಸಿ. ತೂಕವೂ ಮುಂದೆ ಬಂತು. 20 ಕೆ.ಜಿ.-ಸೆಂ.ಮೀ. ಸುತ್ತಮುತ್ತಲಿನದ್ದು, ಲೋಹದ ಗೇರ್ ಇರೋದು ನೋಡಿ.
4. ಪಿನಿಯನ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ ಹಾಳೆಯ ಚೂರು ಇಟ್ಟು ಮೋಟಾರ್ ಬಿಗಿ ಮಾಡಿ, ಆಮೇಲೆ ಹಾಳೆ ತೆಗೀರಿ. ಸಂದು ಸರಿ ಇರುತ್ತೆ.
5. ಲೋಹಕ್ಕೆ ಲೋಹ ಸೇರೋ ಸ್ಕ್ರೂಗಳಿಗೆಲ್ಲ ನೀಲಿ ಥ್ರೆಡ್ ಲಾಕ್ ಒಂದು ಹನಿ.
6. ನೆಲಕ್ಕೆ ಇಡುವ ಮೊದಲು ಗಾಡಿಯನ್ನು ಡಬ್ಬಿ ಮೇಲೆ ಕೂರಿಸಿ ಥ್ರಾಟಲ್ ಕೊಡಿ. ಮುಂದಿನ, ಹಿಂದಿನ ಚಕ್ರ ಒಂದೇ ದಿಕ್ಕಿಗೆ ತಿರುಗ್ತಾ ಇವೆಯಾ ನೋಡಿ. ಆಕ್ಸಲ್ ತಲೆಕೆಳಗಾಗಿ ಕೂತಿದ್ರೆ ಅವು ಎದುರುಬದುರಾಗಿ ತಿರುಗುತ್ತವೆ.

ಸ್ಟೀರಿಂಗ್ ಜೋರಾಗಿ ತಿರುಗಿಸಿದಾಗ ಗಾಡಿ ಒಂದು ಕ್ಷಣ ಸತ್ತು ಎದ್ದರೆ ರೇಡಿಯೋ ಕೆಟ್ಟಿದೆ ಅಂದುಕೊಳ್ಳಬೇಡಿ. ಸರ್ವೋ ಎಳೆಯುವಷ್ಟು ಕರೆಂಟನ್ನು ಇಎಸ್‌ಸಿ ಒಳಗಿನ ಬಿಇಸಿ ಕೊಡಲಾಗದೆ ವೋಲ್ಟೇಜ್ ಕುಸಿದು, ರಿಸೀವರ್ ರೀಸೆಟ್ ಆಗಿರೋ ಸಾಧ್ಯತೆ ಹೆಚ್ಚು. ಸರ್ವೋಗೆ ಪ್ರತ್ಯೇಕ ಬಿಇಸಿ ಹಾಕಿದ್ರೆ ಸರಿಹೋಗುತ್ತೆ.

ಬ್ಯಾಟರಿ: ಇದರಲ್ಲಿ ಆಟ ಬೇಡ

2ಎಸ್ ಲೈಪೋ ಅಂದ್ರೆ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, 3000 ಎಂಎಎಚ್ ಬ್ಯಾಟರಿಗೆ 3 ಆಂಪಿಯರ್ ಮೀರಬೇಡಿ. ಇಎಸ್‌ಸಿಯಲ್ಲಿ ಲೈಪೋ ಕಟ್‌ಆಫ್ ಆನ್ ಇರಲಿ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಹಾಳಾಗುತ್ತೆ. ವಾರಗಟ್ಟಲೆ ಇಡೋದಾದ್ರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ. ಹಾಸ್ಟೆಲ್ ಮಂಚದ ಮೇಲೆ ಚಾರ್ಜ್‌ಗೆ ಹಾಕಿ ಮಲಗೋದಂತೂ ಬೇಡವೇ ಬೇಡ. ಲೈಪೋ ಬೆಂಕಿ ಹತ್ತಿದರೆ ಆ ರೂಮಿನಲ್ಲಿ ನೀವೊಬ್ಬರೇ ಇರೋದಿಲ್ಲ.

ಕೊನೆಗೊಂದು ಮನೆಗೆಲಸ. ಟ್ರಕ್ ಮುಗಿದ ಮೇಲೆ ಒಂದು ಹಲಗೆಯನ್ನು 30 ಡಿಗ್ರಿಯಿಂದ ಶುರು ಮಾಡಿ, ಐದೈದು ಡಿಗ್ರಿ ಏರಿಸ್ತಾ ಹೋಗಿ. ನಿಂತಲ್ಲಿ ಬರೆದಿಡಿ: ಮೋಟಾರ್ ನಿಂತಿತಾ, ಟೈರ್ ಜಾರಿತಾ, ಇಲ್ಲ ಮಗುಚಿತಾ? ಮೊದಲನೆಯದಾದ್ರೆ ಪಿನಿಯನ್ ಬದಲಿಸಿ, ಎರಡನೆಯದಾದ್ರೆ ಟೈರ್, ಮೂರನೆಯದಾದ್ರೆ ಬ್ಯಾಟರಿಯ ಜಾಗ. ಮೋಟಾರ್ ಅಂಗಡಿಗೆ ಹೋಗೋದು ಇವೆಲ್ಲ ಆದ ಮೇಲೆ. ನಿಮ್ಮ ಗಾಡಿ ಎಷ್ಟು ಡಿಗ್ರಿ ಹತ್ತಿತು ಅಂತ ಕ್ಲಬ್ಬಿನಲ್ಲಿ ಸಿಕ್ಕಾಗ ಹೇಳಿ, ಕೇಳೋಕೆ ಕಾಯ್ತಾ ಇರ್ತೀವಿ.