ಸಂಭಾವನೆಯ ಅಭಿವ್ಯಕ್ತಿ: ಇಂಗ್ಲಿಷ್ ಮತ್ತು ಕನ್ನಡ

ಇಂಗ್ಲಿಷಿನಲ್ಲಿ ಸಂಭಾವನೆಯು ‘ಮೇ’ ಎಂಬ ಸಹಾಯಕ ಕ್ರಿಯಾಪದ, ‘ಪರ್ಹ್ಯಾಪ್ಸ್’ ಎಂಬ ಕ್ರಿಯಾವಿಶೇಷಣ, ‘ಪಾಸಿಬಲ್’ ಎಂಬ ಗುಣವಾಚಕಗಳಿಂದ ವ್ಯಕ್ತವಾಗುತ್ತದೆ. ಇವು ಕೂಡಿ ಬಂದಾಗ ಸಾಮಾನ್ಯವಾಗಿ ಒಂದೇ ಸಂಭಾವನೆಯನ್ನು ಪೋಷಿಸುತ್ತವೆ. ಕನ್ನಡದ ‘ಬಹುಶಃ ನೀರು ಬರಬಹುದು’ ಎಂಬಲ್ಲಿಯೂ ಇದೇ ಹೊಂದಾಣಿಕೆಯಿದೆ. ‘ಬರುವ ಸಾಧ್ಯತೆ ಇರಬಹುದು’ ಎಂದಾಗಲಾದರೋ ಸಾಧ್ಯತೆಯ ಇರವೇ ಊಹೆಗೊಳಗಾಗುತ್ತದೆ.

‘ಬಹುದು’ ರೂಪವು ಅನುಮತಿ, ಸಂಭಾವನೆ ಎರಡನ್ನೂ ಸೂಚಿಸುತ್ತದೆ. ನಿಷೇಧದಲ್ಲಿ ಇವು ಬೇರ್ಪಡುತ್ತವೆ: ಶಿಷ್ಟ ಕನ್ನಡದಲ್ಲಿ ‘ಬರಬಾರದು’ ನಿರ್ಬಂಧ, ‘ಬರಲಿಕ್ಕಿಲ್ಲ’ ಊಹೆ. ಇಂಗ್ಲಿಷಿನ ‘ಮೇ ನಾಟ್’ ಎರಡಕ್ಕೂ ಸಲ್ಲುತ್ತದೆ.

ಕಾಗವಾಡ ತಾಲ್ಲೂಕು 2019ರಲ್ಲಿ ಕೃಷ್ಣಾ ಪ್ರವಾಹಕ್ಕೆ ತುತ್ತಾಯಿತು. ಅಲ್ಲಿನ ಉಗಾರ ಬುದ್ರುಕದಂತಹ ಊರಿಗೆ ಇಂಗ್ಲಿಷ್ ಎಚ್ಚರಿಕೆಯನ್ನು ಅನುವಾದಿಸುವಾಗ ‘ಸೇತುವೆ ದಾಟಬಾರದು’ ಎನ್ನಬೇಕಾದಲ್ಲಿ ‘ದಾಟಲಿಕ್ಕಿಲ್ಲ’ ಎಂದರೆ ನಿರ್ಬಂಧವೇ ಊಹೆಯಾಗುತ್ತದೆ. ಆದುದರಿಂದ ಅನುವಾದವು ಪದಕ್ಕಲ್ಲ, ಅರ್ಥಭೇದಕ್ಕೆ ಸಮಾನರೂಪವನ್ನು ಅರಸಬೇಕು.