ಹಾವಲ್ಲ, ಎರೆಹುಳುವೂ ಅಲ್ಲ

ನಮ್ಮ ಪ್ರಕೃತಿ ವಿಜ್ಞಾನದ ಪಾಠದಲ್ಲಿ ಉಭಯವಾಸಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಕಲಿಸುವುದುಂಟು: ಬಾಲವಿಲ್ಲದ ಕಪ್ಪೆಗಳು, ಬಾಲವೂ ಕಾಲುಗಳೂ ಉಳ್ಳ ಸಾಲಮಾಂಡರುಗಳು, ಕಾಲುಗಳೇ ಇಲ್ಲದ ಸಿಸಿಲಿಯನ್ನುಗಳು. ಸಾಲಮಾಂಡರನ್ನು ನಮ್ಮ ಹುಡುಗಿಯರು ಚಿತ್ರದಲ್ಲಿಯೇ ನೋಡಬೇಕು. ಭಾರತದಲ್ಲಿ ಅದು ಡಾರ್ಜಿಲಿಂಗ್ ಮೊದಲಾದ ಪೂರ್ವೋತ್ತರದ ಬೆಟ್ಟಸೀಮೆಗಳಲ್ಲಿ ಮಾತ್ರ ವಾಸಿಸುವುದು. ಮೂರನೆಯದಾದರೋ ಪಶ್ಚಿಮಘಟ್ಟದ ತಪ್ಪಲಿನಲ್ಲಿರುವ ನಮ್ಮ ತೋಟಗಳಲ್ಲಿಯೇ ಇರುವುದು. ಆದರೂ ಅದನ್ನು ಅರಿತವರು ವಿರಳ.

ಒಂದು ಮಳೆಗಾಲದಲ್ಲಿ ಶಾಲೆಯ ಹೂದೋಟವನ್ನು ಅಗೆಯುತ್ತಿರುವಾಗ ಗೇಣುದ್ದದ ಕಪ್ಪುಕಂದು ಪ್ರಾಣಿಯೊಂದು ಮಣ್ಣಿನಿಂದ ಹೊರಬಿದ್ದಿತು. ಮಕ್ಕಳು ಹೆದರಿ ಕೂಗಿದರು. ನಾನು ಹತ್ತಿರ ಹೋಗಿ ನೋಡದೆಯೇ, “ಹಾವಿನ ಮರಿ, ಹೊಡೆದುಹಾಕು” ಎಂದು ತೋಟದವನಿಗೆ ಹೇಳಿದೆನು. ಅವನು ಹೊಡೆದನು. ಸ್ವಲ್ಪ ಹೊತ್ತಿನ ಮೇಲೆ ಎಂಟನೆಯ ತರಗತಿಯವಳೊಬ್ಬಳು ಅದನ್ನು ಎಲೆಯ ಮೇಲಿಟ್ಟು ತಂದು, “ಟೀಚರ್, ಇದರ ಮೈಮೇಲೆ ಹುರುಪೆಗಳೇ ಕಾಣುವುದಿಲ್ಲವಲ್ಲಾ?” ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ನಾನು ವರುಷ ವರುಷವೂ ಕಲಿಸುತ್ತಿದ್ದ ಮೂರನೆಯ ಗುಂಪಿನ ಪ್ರಾಣಿಯೇ ಅದಾಗಿತ್ತು.

ಇಂತಹ ತಪ್ಪು ನಿಮ್ಮ ಮನೆಗಳಲ್ಲಿ ಆಗದಿರಲೆಂದು ಗುರುತುಗಳನ್ನು ಇಲ್ಲಿ ಬರೆಯುತ್ತೇನೆ.

ಎರೆಹುಳುವಿಗೆ ಬೆನ್ನೆಲುಬಿಲ್ಲ, ದವಡೆಯಿಲ್ಲ, ಕಣ್ಣಿಲ್ಲ. ಬೆಳೆದ ಹುಳುವಿನ ಮೈಯಲ್ಲಿ ತಲೆಯ ಕಡೆಗೆ ದಪ್ಪನೆಯ ಪಟ್ಟಿಯೊಂದು ಕಾಣುವುದು. ಕುರುಡು ಹಾವು ಸಹ ಎರೆಹುಳುವಿನಂತೆ ಸಣ್ಣದೇ. ಆದರೆ ಅದರ ಮೈಯನ್ನೆಲ್ಲ ಒಣಗಿದ, ನುಣುಪಾದ, ಹೊಳೆಯುವ ಹುರುಪೆಗಳು ಮುಚ್ಚಿರುವುವು. ಅದೂ ನಿರುಪದ್ರವಿಯೇ.

ಸಿಸಿಲಿಯನ್ನಿನ ಚರ್ಮವು ಕಪ್ಪೆಯದರಂತೆ ತೇವವಾಗಿ, ಲೋಳೆಯಿಂದ ಕೂಡಿರುವುದು. ಮೈಯುದ್ದಕ್ಕೂ ಉಂಗುರಗಳಂತಹ ಗೆರೆಗಳಿರುವುವು. ಬಾಯಲ್ಲಿ ದವಡೆಗಳೂ ಹಲ್ಲುಗಳೂ ಉಂಟು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಅತಿ ಸಣ್ಣದೊಂದು ಸ್ಪರ್ಶಾಂಗವಿದ್ದು, ಮಣ್ಣಿನ ಕತ್ತಲೆಯಲ್ಲಿ ದಾರಿಯನ್ನೂ ಆಹಾರವನ್ನೂ ತಿಳಿಯಲು ನೆರವಾಗುವುದು.

ಇವುಗಳಲ್ಲಿಯೂ ಭೇದಗಳುಂಟು. ಇಕ್ತಿಯೋಫಿಸ್ ಕುಲದವಕ್ಕೆ ಮೋಟು ಬಾಲವಿರುವುದು. ಅವುಗಳಲ್ಲಿ ಬೆಡ್ಡೋಮೈ ಎಂಬುದರ ಎರಡೂ ಪಕ್ಕಗಳಲ್ಲಿ ಹಳದಿ ಪಟ್ಟಿ ಕಾಣುವುದು. ಈ ಕುಲದ ತಾಯಿ ನೀರಿಗೆ ಸಮೀಪದ ತೇವದ ಮಣ್ಣಿನಲ್ಲಿ ಮೊಟ್ಟೆಗಳನ್ನಿಟ್ಟು, ಅವುಗಳನ್ನು ಸುತ್ತಿಕೊಂಡು ಕಾಯುವುದು. ಗೆಗೆನಿಯೋಫಿಸ್ ಕುಲದವಕ್ಕೆ ಬಾಲವಿಲ್ಲ, ಹಳದಿ ಪಟ್ಟಿಯೂ ಇಲ್ಲ. ಈ ಕುಲದ ಮಾಧವಾಯಿ ಎಂಬ ಪ್ರಭೇದವು ಉಡುಪಿ ಜಿಲ್ಲೆಯ ಮುದೂರಿನಲ್ಲಿ ದೊರೆತು, 2004ರಲ್ಲಿ ಮೊದಲ ಬಾರಿಗೆ ವಿಜ್ಞಾನಿಗಳಿಂದ ವರ್ಣಿಸಲ್ಪಟ್ಟಿತು. ನಮ್ಮ ನೆರೆಯ ಮಣ್ಣಿನಲ್ಲಿಯೇ ಲೋಕಕ್ಕೆ ತಿಳಿಯದ ಜೀವವೊಂದು ಅಷ್ಟು ಕಾಲ ಅಡಗಿದ್ದಿತು.

ಆದಕಾರಣ ತಾಯ್ತಂದೆಗಳಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ: ಗುದ್ದಲಿಗೆ ಇಂತಹ ಪ್ರಾಣಿ ಸಿಕ್ಕಿದರೆ ಹೊಡೆಯಬೇಡಿರಿ. ಗುರುತು ನಿಶ್ಚಯವಾಗದಿದ್ದರೆ ಮುಟ್ಟಲೂ ಬೇಡಿರಿ. ದೂರದಿಂದ ನೋಡಿ, ಮಕ್ಕಳಿಗೂ ತೋರಿಸಿ, ಅದು ತಾನಾಗಿಯೇ ಒದ್ದೆ ಮಣ್ಣನ್ನು ಸೇರಲು ಬಿಡಿರಿ.

ಆದಾಮನು ಸಕಲ ಪ್ರಾಣಿಗಳಿಗೂ ಹೆಸರಿಟ್ಟನೆಂದು ಸತ್ಯವೇದದಲ್ಲಿ ಓದುತ್ತೇವೆ. ದೇವರು ಅವುಗಳನ್ನು ಅವನ ಮುಂದೆ ತಂದು ನಿಲ್ಲಿಸಿದ ಮೇಲೆಯೇ ಅವನು ಹೆಸರಿಟ್ಟನು. ನಾನು ಆ ದಿನ ನೋಡುವುದಕ್ಕೆ ಮುಂಚೆಯೇ ಹೆಸರಿಟ್ಟೆನು. ಮೊದಲು ನೋಡಬೇಕೆಂಬುದನ್ನು ನನಗೆ ಕಲಿಸಿದವಳು ಎಂಟನೆಯ ತರಗತಿಯ ಆ ಹುಡುಗಿ.